ಬೀಟೆಯ ಬಣ್ಣ

ಹುಣಸೂರಿನಿಂದ ಮೈಸೂರಿಗೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಹಾಗಾಗಿ ಖಮರುನ್ನೀಸಾಳಿಗೂ ನನಗೂ ಸೊನ್ನೆ ಟಿಕೆಟ್ಟು, ಅವಳ ಗಂಡ ರಜಾಕನಿಗೆ ಮಾತ್ರ ಅರವತ್ತು ಚಿಲ್ಲರೆ. ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಆಟೋ ಎಂಬತ್ತು. ಅವನ ಮುಖದ ಸ್ಕ್ಯಾನಿಂಗ್ ಹೊರಗಡೆ ಮಾಡಿಸಿದ್ದಕ್ಕೆ ಮೂರೂವರೆ ಸಾವಿರ. ಮೂಗಿನೊಳಗಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದಕ್ಕೆ ಸಾವಿರದ ಇನ್ನೂರು. ಆಪರೇಷನ್ನು ರೇಷನ್ ಕಾರ್ಡಿನ ಮೇಲೆ ಆಯಿತು, ಅದಕ್ಕೆ ಕೈಯಿಂದ ಬೀಳಲಿಲ್ಲ. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್ನು, ಕೊಡಿಸುವುದಕ್ಕೆ ಮೈಸೂರಿನಲ್ಲಿ ಒಂದೂವರೆ ತಿಂಗಳು ರೂಮು ಮಾಡಿದ್ದು, ಗ್ಯಾಸು, ಹಾಲು ಎಲ್ಲ ಸೇರಿ ಹದಿನಾಲ್ಕು ಸಾವಿರ. ಅಂಗುಳಕ್ಕೆ ಕೂರಿಸುವ ಪ್ಲೇಟು ಆರು ಸಾವಿರ.

ದುಡ್ಡಿಗೆ ಅಷ್ಟು ಕಷ್ಟವಾಗಲಿಲ್ಲ. ರಜಾಕ್ ಕುಡಿಯುವವನಲ್ಲ, ಆಡುವವನಲ್ಲ, ಕೂಡಿಟ್ಟಿದ್ದ. ಕಷ್ಟವಾದದ್ದು ಕಣ್ಣಿನ ವಿಚಾರ.

ಹುಣಸೂರಿನ ಹಳೇ ರಸ್ತೆಯಲ್ಲಿ ನನ್ನದೊಂದು ಟೀ ಅಂಗಡಿ. ಎದುರಿಗೇ ರಜಾಕನ ಮರಗೆಲಸದ ಶೆಡ್ಡು. ನಾನು ಅಂಗಡಿ ಹಾಕಿದಾಗ ಮೊದಲ ಬೆಂಚು ಮಾಡಿಕೊಟ್ಟವನು ಅವನೇ. ಇವತ್ತಿಗೂ ಆ ಬೆಂಚಿಗೆ ಒಂದು ಮೊಳೆ ಹೊಡೆದಿಲ್ಲ. ನಾನು ಅವನಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಅವನು, ಅವನ ಹೆಂಡತಿ ಇಬ್ಬರೂ ನನ್ನನ್ನು ವಿಮಲಕ್ಕ ಅನ್ನುತ್ತಾರೆ. ಅವರಿಬ್ಬರೇ ಇದ್ದರೆ ಉರ್ದು, ನಾನಿದ್ದರೆ ಕನ್ನಡ.

ಕೆ.ಆರ್. ನಗರ, ಪಿರಿಯಾಪಟ್ಟಣದ ಕಡೆ ಹಳೇ ತೊಟ್ಟಿಮನೆ ಬೀಳಿಸಿ ಆರ್‌ಸಿಸಿ ಕಟ್ಟುವವರು ಬಾಗಿಲು, ಕಂಬ, ತೊಲೆ ಎಲ್ಲ ಮಾರುತ್ತಾರೆ. ರಜಾಕ್ ಅದನ್ನು ತಂದು ಕುಯ್ದು ಮಂಚ, ಬೀರು, ಹೊಸ ಬಾಗಿಲು ಮಾಡುತ್ತಿದ್ದ. ಹಳೇ ಬೀಟೆ ಅಂದರೆ ಕಬ್ಬಿಣ. ಮಿಷಿನ್ನಿಗೆ ಕೊಟ್ಟರೆ ಪುಡಿ ಹೊಗೆಯ ಹಾಗೆ ಏಳುತ್ತದೆ. ಬೆಳಿಗ್ಗೆ ನಾನು ತೊಳೆದಿಟ್ಟ ಗ್ಲಾಸಿನ ಮೇಲೂ ಮಧ್ಯಾಹ್ನದ ಹೊತ್ತಿಗೆ ಒಂದು ಪದರ ಇರುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ "ಉಸ್ರು ಕಟ್ತದೆ ಅಕ್ಕ" ಅನ್ನುತ್ತಿದ್ದ. ಕರ್ಚೀಫು ಜೇಬಿನಲ್ಲಿ ಇರುತ್ತಿತ್ತು, ಮೂಗು ಒರೆಸುವುದಕ್ಕೆ.

ಮರಗೆಲಸದವರ ಮೂಗಿಗೆ ಮರದ ಬಣ್ಣ ಬರುತ್ತದೆ. ತೇಗ ಕುಯ್ದ ದಿನ ಸೀನಿದರೆ ತಿಳಿಗಂದು. ಹೊನ್ನೆಯಾದರೆ ಅರಿಶಿನ. ಬೀಟೆಯಾದರೆ ಕಡುಗಂದು, ಒಣಗಿದ ಮೇಲೆ ನೇರಳೆ ತಿರುಗುತ್ತದೆ. ಸಾಯಂಕಾಲ ಕರ್ಚೀಫು ಒಗೆಯುವಾಗ ಖಮರುನ್ನೀಸಾ ಅದನ್ನು ನೋಡಿಯೇ ಶೆಡ್ಡಿನಲ್ಲಿ ಇವತ್ತು ಯಾವ ಮರ ಎಂದು ಹೇಳಿಬಿಡುತ್ತಿದ್ದಳು. ಅದು ಅವರ ಮನೆಯ ತಮಾಷೆ.

"ತೇಗದ ಬಾಗ್ಲು ಅಂತ ಹೇಳಿ ಹೋದ್ರಿ, ಇಲ್ಲಿ ನೋಡಿದ್ರೆ ಬೀಟೆ. ಯಾರಿಗೆ ಕದ್ದು ಮಾಡ್ಕೊಟ್ರಿ?"

"ಫಾರೆಸ್ಟ್‌ನೋರು ನಿನ್ನ ಕೆಲ್ಸಕ್ಕೆ ತಗೋಬೇಕು ಕಣೆ. ನಾಯಿ ಸಾಕೋ ಖರ್ಚು ಉಳೀತದೆ."

ನನ್ನ ಅಂಗಡಿಯ ಮುಂದೆಯೇ ನಿಂತು ಹೀಗೆ ಮಾತಾಡಿಕೊಳ್ಳುತ್ತಿದ್ದರು. ಅವಳ ಲೆಕ್ಕ ಒಂದು ದಿನವೂ ತಪ್ಪಿದ್ದು ನಾನು ನೋಡಿಲ್ಲ.

ಎರಡು ವರ್ಷದ ಹಿಂದೆ ಗೌರಿ ಹಬ್ಬದ ಹೊತ್ತಿಗೆ ರಜಾಕನ ಎಡಗಡೆ ಮೂಗು ಕಟ್ಟಿಕೊಂಡಿತು. ಮರಗೆಲಸದವನಿಗೆ ಮೂಗು ಕಟ್ಟುವುದು ಟೀ ಅಂಗಡಿಯವಳಿಗೆ ಕೈ ಸುಡುವ ಹಾಗೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೀಲಗಿರಿ ಎಲೆ ಹಾಕಿ ಹಬೆ ತಗೊಂಡ. ಮೆಡಿಕಲ್ ಸ್ಟೋರಿನಲ್ಲಿ ಮೂಗಿಗೆ ಬಿಡುವ ಡ್ರಾಪ್ಸ್ ತಂದ. ಆಗ ಶೆಡ್ಡಿನ ತುಂಬ ಬೀಟೆ. ಕೆ.ಆರ್. ನಗರದ ಹತ್ತಿರ ಯಾರದೋ ದೊಡ್ಡ ಮನೆ ಬಿದ್ದು ಲಾರಿ ಲೋಡು ಕಂಬ ಬಂದಿತ್ತು. ಕರ್ಚೀಫು ದಿನಾ ಕಡುಗಂದು. ಬೀಟೆಯ ಕಾಲದಲ್ಲಿ ಇನ್ನು ಯಾವ ಬಣ್ಣ ಬರಬೇಕು? ಖಮರುನ್ನೀಸಾ ಒಗೆದು ಹಾಕುತ್ತಿದ್ದಳು.

ಆಮೇಲೆ ಒಂದು ದಿನ ಗಡ್ಡ ಮಾಡಿಸಿಕೊಂಡು ಕಟಿಂಗ್ ಶಾಪಿನಿಂದ ನೇರವಾಗಿ ಟೀಗೆ ಬಂದ. ಎಡಗೆನ್ನೆಯ ಮೇಲೆ ರಕ್ತ ಸಣ್ಣಗೆ ಇಳಿಯುತ್ತಿತ್ತು.

"ಬ್ಲೇಡ್ ಹಾಕವ್ನೆ ಕಣೋ ನಿಂಗೆ," ಎಂದೆ.

"ಎಲ್ಲಿ?" ಎಂದು ಬಲಗೆನ್ನೆ ಮುಟ್ಟಿಕೊಂಡ.

ಎಡಗಡೆ ತೋರಿಸಿದೆ. ಬೆರಳಿಗೆ ಅಂಟಿದ ರಕ್ತ ನೋಡಿ "ಗೊತ್ತೇ ಆಗ್ಲಿಲ್ಲ" ಎಂದ. ಕೆನ್ನೆಯನ್ನು ಎರಡು ಸಲ ಚಿವುಟಿಕೊಂಡ. "ಜೋಮು ಹಿಡ್ದಂಗೆ ಅದೆ ಅಕ್ಕ. ಆ ಕಡೆ ಮಲ್ಗಿದ್ದೆ ಅಂತ ಕಾಣ್ತದೆ." ಟೀ ಕುಡಿದು ಎದ್ದು ಹೋದ.

ಚಳಿಗಾಲದಲ್ಲಿ ಅದೇ ಕಡೆ ಮೇಲಿನ ದವಡೆ ಹಲ್ಲು ಅಲ್ಲಾಡಿತು. ಹಲ್ಲಿನ ಡಾಕ್ಟರರು ಕಿತ್ತರು. ಕಿತ್ತ ಜಾಗ ಮುಚ್ಚಿಕೊಳ್ಳಲೇ ಇಲ್ಲ. ನನ್ನ ಬೆಂಚಿನ ಮೇಲೆ ಕೂತು ಟೀ ಬಾಯಿಗೆ ಹಾಕಿದರೆ ಅರ್ಧ ಮೂಗಿನಿಂದ ಬರುತ್ತಿತ್ತು. ಶಿವಶಂಕರ್, ಅವನ ಜೊತೆ ಪಾಲಿಷ್ ಕೆಲಸ ಮಾಡುವವನು, ಇದನ್ನು ನೋಡಿ "ಮೇಸ್ತ್ರಿ, ನಿಮ್ಗೆ ಒಂದು ಟೀಲಿ ಎರಡು ಟೀ ಕಣ್ರೀ, ವಿಮಲಮ್ಮ ಡಬಲ್ ಚಾರ್ಜ್ ಮಾಡ್ಬೇಕು" ಎಂದ. ರಜಾಕನೂ ನಕ್ಕ. ನಗುವಾಗ ಬಾಯಿಯ ಎಡಗಡೆ ಮೇಲಕ್ಕೆ ಹೋಗಲಿಲ್ಲ.

ಅಷ್ಟರಲ್ಲಿ ಬೈಲಕುಪ್ಪೆಯಿಂದ ಆರ್ಡರು ಬಂತು. ಟಿಬೆಟಿಯನ್ನರ ಒಂದು ಮಠಕ್ಕೆ ಕುಳ್ಳು ಮೇಜುಗಳು, ನೆಲದ ಮೇಲೆ ಕೂತು ಪುಸ್ತಕ ಇಟ್ಟು ಓದುವುದಕ್ಕೆ. ಎಲ್ಲ ಸಿಲ್ವರ್ ಓಕ್‌ನಲ್ಲೇ ಆಗಬೇಕು ಎಂದಿದ್ದರು. ಮಿಕ್ಕ ಬೀಟೆಯನ್ನು ಶೆಡ್ಡಿನ ಹಿಂದೆ ಟಾರ್ಪಾಲು ಹಾಕಿ ಮುಚ್ಚಿದರು. ಯುಗಾದಿ ಬಂದು ಹೋಯಿತು, ರಂಜಾನ್ ಮುಗಿಯಿತು. ಶೆಡ್ಡಿನಲ್ಲಿ ಬರೀ ಬಿಳಿ ಹಲಗೆ, ಬಿಳಿ ಪುಡಿ. ನನ್ನ ಗ್ಲಾಸುಗಳ ಮೇಲೂ ಬಿಳಿ.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಖಮರುನ್ನೀಸಾ ಬಂದು ಬೆಂಚಿನ ಮೇಲೆ ಕೂತಳು. ಸೆರಗಿನಡಿಯಿಂದ ಕರ್ಚೀಫು ತೆಗೆದು ಮುಂದೆ ಇಟ್ಟಳು.

"ಅಕ್ಕ, ಇದು ಯಾವ ಮರ ಹೇಳಿ."

"ನಿಂಗಿಂತ ನಂಗೆ ಗೊತ್ತಾಯ್ತದಾ? ಬೀಟೆ ಅಂಗೆ ಕಾಣ್ತದೆ."

"ಶೆಡ್ಡಲ್ಲಿ ಬೀಟೆ ಎಲ್ಲದೆ?"

ನಾನು ರಸ್ತೆಯಾಚೆ ನೋಡಿದೆ. ರಜಾಕ್ ಬಗ್ಗಿ ಬಿಳಿ ಹಲಗೆಗೆ ತೋಪಡ ಹೊಡೆಯುತ್ತಿದ್ದ. ಕಾಲ ಕೆಳಗೆ ಬಿಳಿ ಸುರುಳಿಗಳು ರಾಶಿ ಬಿದ್ದಿದ್ದವು.

"ಒಳ್ಗೆ ಹಳೇದು ಕೂತದೆ, ಅದೇ ಬತ್ತಾ ಅದೆ ಅಂತಾರೆ ಇವ್ರು," ಎಂದಳು. "ನಾನೂ ಹೌದು ಅಂತ ಒಗೀತಿದ್ದೆ. ಇವತ್ತು ಸೋಪಿನಪುಡಿ ಮುಗ್ದಿತ್ತು. ಸುಮ್ನೆ ತಣ್ಣೀರಲ್ಲಿ ಅದ್ದಿಟ್ಟೆ. ಒಂದು ಗ್ಲಾಸ್ ನೀರು ಕೊಡಿ."

ಕೊಟ್ಟೆ. ಕರ್ಚೀಫಿನ ಮೂಲೆಯನ್ನು ಅದರಲ್ಲಿ ಅದ್ದಿ ಹಿಡಿದಳು. ನೀರಿನಲ್ಲಿ ದಾರದ ಹಾಗೆ ಕೆಂಪು ಇಳಿಯಿತು, ಆಮೇಲೆ ಗ್ಲಾಸೆಲ್ಲ ತಿಳಿಗೆಂಪಾಯಿತು.

ಬೀಟೆಯ ಕಲೆ ತಣ್ಣೀರಿಗೆ ಬಿಡುವುದಿಲ್ಲ. ತಣ್ಣೀರಿಗೆ ಯಾವ ಕಲೆ ಬಿಡುತ್ತದೆ ಎಂದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಎಷ್ಟು ದಿನದಿಂದ?" ಎಂದೆ.

"ಅದೇ ಅಕ್ಕ, ಎಷ್ಟು ದಿನ ಬೀಟೆ, ಎಷ್ಟು ದಿನದಿಂದ ಇದು ಅಂತ ನಂಗೆ ಗೊತ್ತಿಲ್ಲ," ಎಂದಳು. ಗ್ಲಾಸಿನ ನೀರನ್ನು ಚರಂಡಿಗೆ ಚೆಲ್ಲಿ, ಗ್ಲಾಸು ತಾನೇ ತೊಳೆದಿಟ್ಟಳು.

ಮಾರನೆಯ ದಿನ ಅಂಗಡಿ ಬಾಗಿಲು ಹಾಕಿ ಅವರ ಜೊತೆ ನಾನೂ ಮೈಸೂರಿಗೆ ಹೋದೆ. ಅದಾದ ಮೇಲೆ ನಾಲ್ಕೈದು ಸಲ ಓಡಾಟ. ಕೊನೆಗೆ ರಿಪೋರ್ಟು ಬಂದ ದಿನ ಡಾಕ್ಟರು ಉಷಾರಾಣಿ ಎಂಬ ಹೆಣ್ಣುಮಗಳು ನಮ್ಮ ಮೂವರನ್ನೂ ಕೂರಿಸಿಕೊಂಡು ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಕೆನ್ನೆ ಮೂಳೆ ಗಟ್ಟಿ ಅಲ್ಲ, ಒಳಗೆ ಟೊಳ್ಳು. ಎಲ್ಲರಿಗೂ ಹಾಗೇ. ಬರೀ ಗಾಳಿ ಇರೋ ಜಾಗ. ಈ ಬಲಗಡೆ ಕಪ್ಪಗಿದೆಯಲ್ಲ, ಅದು ಗಾಳಿ. ಎಡಗಡೆ ಬೆಳ್ಳಗಿದೆ, ಅದು ಗಡ್ಡೆ. ಟೊಳ್ಳಿನಲ್ಲಿ ಬೆಳೆಯೋದ್ರಿಂದ ಅದು ತುಂಬೋವರೆಗೂ ಗೊತ್ತಾಗಲ್ಲ. ಕೆಳಗೆ ಒತ್ತಿದಾಗ ಹಲ್ಲು ಅಲ್ಲಾಡಿದೆ. ಮುಂದಕ್ಕೆ ಒತ್ತಿ ನರ ಹಿಡಿದಾಗ ಕೆನ್ನೆ ಜೋಮು ಬಂದಿದೆ."

"ಕ್ಯಾನ್ಸರ್ರಾ?" ಎಂದು ರಜಾಕ್ ಕೇಳಿದ.

"ಹೌದು."

ಅವನು ತಲೆಯಾಡಿಸಿದ. ಇಂಥ ಅಳತೆಯ ಬಾಗಿಲು ಬೇಕು ಎಂದು ಗಿರಾಕಿ ಹೇಳಿದಾಗ ಆಡಿಸುವ ಹಾಗೆ. "ಯಾವ ಮರದಿಂದ ಮೇಡಂ?"

"ಒಂದು ಮರ ಅಂತ ಹೇಳಕ್ಕಾಗಲ್ಲ. ಗಟ್ಟಿ ಮರದ ಪುಡೀನ ವರ್ಷಗಟ್ಟಲೆ ಉಸಿರಾಡಿದವರಲ್ಲಿ ಮೂಗು, ಮೂಗಿನ ಪಕ್ಕದ ಟೊಳ್ಳುಗಳಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ನಿಮಗೆ ಅದ್ರಿಂದಲೇ ಬಂತು ಅಂತ ಖಚಿತವಾಗಿ ಹೇಳೋಕೂ ಆಗಲ್ಲ."

ಆಮೇಲೆ ಆಪರೇಷನ್ನಿನ ವಿಷಯಕ್ಕೆ ಬಂದರು. ಎಡಗಡೆ ಮೇಲ್ದವಡೆ, ಅಂಗುಳದ ಅರ್ಧ ತೆಗೆಯಬೇಕು. ಎಡಗಣ್ಣೂ ತೆಗೆಯಬೇಕು.

"ಕಣ್ಣು ಚೆನ್ನಾಗಿ ಕಾಣ್ತದಲ್ಲ ಮೇಡಂ."

"ಕಾಣುತ್ತೆ. ಆದ್ರೆ ಅದರ ತಳದ ಮೂಳೆ ಹೋಗಿದೆ, ಗಡ್ಡೆ ಕಣ್ಣಿನ ಗುಂಡಿಯೊಳಗೆ ಸೇರಿಬಿಟ್ಟಿದೆ. ಕಣ್ಣು ಬಿಟ್ಟು ಮಿಕ್ಕಿದ್ದು ತೆಗೆದ್ರೆ ಬೇರು ಅಲ್ಲೇ ಉಳಿಯುತ್ತೆ. ತಿರುಗಿ ಬರುತ್ತೆ."

ಖಮರುನ್ನೀಸಾ ಕೇಳಿದಳು, "ಮೊದ್ಲೇ ಬಂದಿದ್ರೆ?"

ಡಾಕ್ಟರು ಫಿಲ್ಮನ್ನು ಕವರಿನೊಳಗೆ ಹಾಕಿದರು. "ಆರು ತಿಂಗಳು ಮೊದಲಾಗಿದ್ರೆ ಕಣ್ಣು ಉಳಿಸಬಹುದಿತ್ತೇನೋ. ಈಗ ಅದನ್ನ ಯೋಚನೆ ಮಾಡಬೇಡಿ ಅಮ್ಮ. ಮುಂದಿನ ಸೋಮವಾರ ಅಡ್ಮಿಟ್ ಆಗಿ."

ವಾಪಸು ಬಸ್ಸಿನಲ್ಲಿ ಅವಳು ಕಿಟಕಿ ಕಡೆ, ಅವನು ನಡುವೆ, ನಾನು ಈ ಕಡೆ. ಬಿಳಿಕೆರೆಯಲ್ಲಿ ಯಾರೋ ಸೌತೆಕಾಯಿ ಮಾರುವುದಕ್ಕೆ ಹತ್ತಿದರು. ರಜಾಕ್ ಮೂರು ತಗೊಂಡು ನಮಗೆ ಒಂದೊಂದು ಕೊಟ್ಟ. ಯಾರೂ ತಿನ್ನಲಿಲ್ಲ. ಬಿಳಿಕೆರೆ ದಾಟಿದ ಮೇಲೆ "ಎಡಗಣ್ಣು ಕೊಡಲ್ಲ" ಎಂದ.

"ಜೀವ ಹೋಯ್ತದೆ ಕಣೋ," ಎಂದೆ.

"ಬಲಗಣ್ಣು ಕೇಳಿದ್ರೆ ಕೊಡ್ತಿದ್ದೆ ಅಕ್ಕ."

ಅದಕ್ಕೆ ಕಾರಣ ಇತ್ತು. ಬಡಗಿ ಹಲಗೆ ನೆಟ್ಟಗಿದೆಯೋ ಇಲ್ಲವೋ ಎಂದು ಅದನ್ನು ಮುಖದ ಮುಂದೆ ಬಂದೂಕಿನ ಹಾಗೆ ಎತ್ತಿ, ಒಂದು ಕಣ್ಣು ಮುಚ್ಚಿ, ಅಂಚಿನ ಉದ್ದಕ್ಕೂ ನೋಡುತ್ತಾನೆ. ರಜಾಕ್ ನೋಡುತ್ತಿದ್ದದ್ದು ಎಡಗಣ್ಣಿನಲ್ಲಿ, ಮುಚ್ಚುತ್ತಿದ್ದದ್ದು ಬಲಗಣ್ಣು. ಮೊಳೆ ಹೊಡೆಯದೆ ಮರಕ್ಕೆ ಮರ ಕೂರಿಸುವ ಕೆಲಸ ಅವನದು. ಕೂದಲೆಳೆ ಸೊಟ್ಟ ಇದ್ದರೂ ಅದು ಕೂರುವುದಿಲ್ಲ. ಆ ಕಣ್ಣು ಹೋದರೆ ತಾನು ಪ್ಲೈವುಡ್ಡಿಗೆ ಮೊಳೆ ಹೊಡೆಯುವವನಾಗುತ್ತೇನೆ ಎಂದ. ಅದಕ್ಕಿಂತ ಇರುವಷ್ಟು ದಿನ ಇರುತ್ತೇನೆ, ಬೈಲಕುಪ್ಪೆಯ ಮೇಜುಗಳನ್ನು ಮುಗಿಸಿ ಕೊಡುತ್ತೇನೆ ಎಂದ.

ಶೆಡ್ಡಿನಲ್ಲಿ ಶಿವಶಂಕರನಿಗೆ ವಿಷಯ ಗೊತ್ತಾಯಿತು. ಅವನಿಗೆ ದುಃಖವಾದರೆ ಬಾಯಿಗೆ ತಮಾಷೆಯೇ ಬರುವುದು. "ಒಂದು ಕಣ್ಣು ಮುಚ್ಕೊಂಡೇ ಅಲ್ವ ಮೇಸ್ತ್ರಿ ನೀವು ಇಷ್ಟು ವರ್ಷ ಕೆಲ್ಸ ಮಾಡಿರೋದು? ಇನ್ಮೇಲೆ ಮುಚ್ಚೋ ಕಷ್ಟ ಇಲ್ಲ ಬುಡಿ."

ಯಾರೂ ನಗಲಿಲ್ಲ. ಅವನು ಪಾಲಿಷ್ ಡಬ್ಬ ಎತ್ತಿಕೊಂಡು ಹಿಂದಕ್ಕೆ ಹೋದ. ಆದರೆ ಖಮರುನ್ನೀಸಾ ಆ ಮಾತನ್ನು ಬಿಡಲಿಲ್ಲ. ಗಂಡನ ಮುಂದೆ ಹೋಗಿ ನಿಂತಳು.

"ಶಿವಣ್ಣ ಹೇಳಿದ್ದು ಸರಿ. ಬಲಗಣ್ಣಲ್ಲಿ ನೋಡಿ ಒಂದು ಮೇಜು ಮಾಡಿ."

"ಆಗಲ್ಲ."

"ಮಾಡಿ ನೋಡಿದ್ದೀರಾ?"

"ನೋಡ್ದೇನೇ ಗೊತ್ತು."

"ಕರ್ಚೀಫಿನ ಬಣ್ಣ ನಂಗೂ ಗೊತ್ತು ಅಂತಿದ್ದೆ," ಎಂದಳು. ದನಿ ಏರಲಿಲ್ಲ. ತನ್ನ ಹಳೇ ದುಪಟ್ಟಾದಿಂದ ಒಂದು ಪಟ್ಟಿ ಹರಿದು ಅವನ ಎಡಗಣ್ಣಿಗೆ ಅಡ್ಡ ಕಟ್ಟಿದಳು. ಅವನು ತಡೆಯಲಿಲ್ಲ. ಅವಳು ಗಂಟು ಹಾಕುವಾಗ ಕೂದಲು ಸಿಕ್ಕಿಕೊಂಡು ಎಳೆಯಿತು. ಅದಕ್ಕೆ ಮಾತ್ರ ಒಂದು ಸಲ "ಹಾ" ಎಂದ.

ಎರಡು ದಿನ ಶೆಡ್ಡಿನಲ್ಲಿ ಆ ಒಂದು ಮೇಜು. ನಾನು ಎದುರಿನಿಂದ ನೋಡುತ್ತಿದ್ದೆ. ಹಲಗೆ ಎತ್ತಿ ಬಲಗಣ್ಣಿಗೆ ಹಿಡಿಯುತ್ತಾನೆ, ಇಳಿಸುತ್ತಾನೆ, ಮತ್ತೆ ಎತ್ತುತ್ತಾನೆ. ಸುತ್ತಿಗೆ ಉಳಿಯ ತಲೆ ಬಿಟ್ಟು ಹೆಬ್ಬೆರಳಿಗೆ ಬಿತ್ತು. ಎರಡು ಕಣ್ಣಿದ್ದರೆ ವಸ್ತು ಎಷ್ಟು ದೂರ ಇದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ, ಒಂದೇ ಆದರೆ ಕೈ ತಡಕುತ್ತದೆ. ಟೀ ಗ್ಲಾಸು ತಗೊಳ್ಳುವುದಕ್ಕೂ ಒಂದಿಂಚು ಈಚೆ ಕೈ ಹಾಕುತ್ತಿದ್ದ. ಖಮರುನ್ನೀಸಾ ಹೊಲಿಗೆ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲೇ ಕೂತಿದ್ದಳು. ಪಟ್ಟಿ ಬಿಚ್ಚಲು ಕೈ ಹೋದರೆ "ಉಹೂಂ" ಅನ್ನುತ್ತಿದ್ದಳು.

ಭಾನುವಾರ ಮೇಜು ಮುಗಿಯಿತು. ನನ್ನನ್ನು ಕೂಗಿದರು. ಸಿಮೆಂಟು ನೆಲದ ಮೇಲೆ ಇಟ್ಟು ರಜಾಕ್ ಒಂದು ಮೂಲೆ ಒತ್ತಿದ. ಮೇಜು ಟಕ್ ಎಂದು ಅಲ್ಲಾಡಿತು. ಇನ್ನೊಂದು ಮೂಲೆ ಒತ್ತಿದ. ಟಕ್. ಮತ್ತೆ ಮೊದಲನೆಯದು. ಟಕ್.

"ನೋಡಿದ್ಯಾ?" ಎಂದ ಹೆಂಡತಿಗೆ. ಗೆದ್ದವನ ದನಿಯಲ್ಲ ಅದು. ಪಟ್ಟಿ ಕಟ್ಟಿಕೊಂಡೇ ನೆಲದ ಮೇಲೆ ಕೂತುಬಿಟ್ಟ.

ಮೇಜು ಅಲ್ಲಾಡದೇ ನಿಂತಿದ್ದರೆ ಒಪ್ಪಿಸುವುದು ಸುಲಭವಿತ್ತು. ಖಮರುನ್ನೀಸಾ ಎದ್ದಳು. ನೆಲದಿಂದ ಒಂದು ತೆಳ್ಳನೆ ಚಕ್ಕೆ ಆರಿಸಿ, ಮೇಜಿನ ಗಿಡ್ಡ ಕಾಲಿನ ಕೆಳಗೆ ತೂರಿಸಿದಳು. ಮೂಲೆ ಒತ್ತಿದಳು. ಅಲ್ಲಾಡಲಿಲ್ಲ.

"ಇದಕ್ಕೆ ಚಕ್ಕೆ ಕೊಟ್ಟೆ, ನಿಂತ್ಕೊಂಡ್ತು," ಎಂದಳು. "ನೀವು ಹೋದ್ಮೇಲೆ ನಾನು ಏನು ಕೊಟ್ಟು ನಿಂತ್ಕೊಳ್ಳಿ? ಹೇಳಿ. ಹೇಳಿ ಆಮೇಲೆ ಬೈಲಕುಪ್ಪೆಗೆ ಹೋಗಿ."

ನಾನು ನನ್ನ ಅಂಗಡಿಗೆ ಬಂದು ಹಾಲು ಒಲೆಗಿಟ್ಟೆ. ಉಕ್ಕುವ ಹೊತ್ತಿಗೆ ಶೆಡ್ಡಿನಿಂದ ರಜಾಕನ ದನಿ ಕೇಳಿಸಿತು, "ಶಿವೂ, ಮಿಕ್ಕ ಹಲಗೆ ಎಲ್ಲ ಗುರುತು ಹಾಕಿ ಹೋಗ್ತೀನಿ, ಪೆನ್ಸಿಲ್ ಕೊಡು." ಪಟ್ಟಿ ಬಿಚ್ಚಿಕೊಂಡಿದ್ದ. ಕತ್ತಲಾಗುವವರೆಗೂ ಎಡಗಣ್ಣಿನಲ್ಲಿ ಒಂದೊಂದೇ ಹಲಗೆ ನೋಡಿ ಗೆರೆ ಹಾಕಿದ. ಅವನು ನೋಡಿಟ್ಟ ಹಲಗೆಗಳನ್ನು ಖಮರುನ್ನೀಸಾ ಒಂದು ಕಡೆ ಜೋಡಿಸುತ್ತಿದ್ದಳು.

ಸೋಮವಾರ ಮೊದಲ ಬಸ್ಸಿಗೆ ಹೋದರು. ಎರಡು ದಿನ ಬಿಟ್ಟು ಆಪರೇಷನ್ನು, ಬೆಳಿಗ್ಗೆ ಶುರುವಾಗಿ ಸಂಜೆಯವರೆಗೂ ನಡೆಯಿತಂತೆ. ನಾನು ನೋಡಲು ಹೋದಾಗ ಮುಖದ ಅರ್ಧ ಬಟ್ಟೆಯಲ್ಲಿತ್ತು. ಮಾತು ಬರುತ್ತಿರಲಿಲ್ಲ. ಕೈಯಲ್ಲೇ ನನಗೆ ಕೂರು ಎಂದ. ಖಮರುನ್ನೀಸಾ ಮೂಗಿಗೆ ಹಾಕಿದ ನಳಿಕೆಯಲ್ಲಿ ಗಂಜಿ ಬಿಡುತ್ತಿದ್ದಳು. ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಆ ವಾರ್ಡಿನಲ್ಲಿ ಯಾರೂ ಅಳುತ್ತಿರಲಿಲ್ಲ. ನಳಿಕೆ, ಡ್ರೆಸ್ಸಿಂಗು, ಊಟದ ಗಾಡಿ, ಡಾಕ್ಟರು ಬರುವ ಹೊತ್ತು, ಅಷ್ಟರಲ್ಲೇ ದಿನ ಮುಗಿಯುತ್ತಿತ್ತು.

ಈಗ ಒಂದು ವರ್ಷ ದಾಟಿದೆ. ಮೊನ್ನೆ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಎಂದರು. ಇನ್ನೂ ಕೆಲವು ವರ್ಷ ನೋಡುತ್ತಿರಬೇಕಂತೆ. ಡಾಕ್ಟರು ಪುಡಿಯ ಹತ್ತಿರ ಹೋಗಬೇಡ ಎಂದಿದ್ದಾರೆ, ಹಾಗಾಗಿ ಮಿಷಿನ್ನು ಶಿವಶಂಕರನದು. ಶೆಡ್ಡಿನ ಹಿಂದಿದ್ದ ಬೀಟೆಯನ್ನು ಎಚ್.ಡಿ. ಕೋಟೆಯ ಒಬ್ಬರಿಗೆ ಮಾರಿದರು. ರಜಾಕ್ ಹೊರಗೆ ನನ್ನ ಅಂಗಡಿಯ ಕಡೆ ಕುರ್ಚಿ ಹಾಕಿಕೊಂಡು ಗಿರಾಕಿಯ ಜೊತೆ ಅಳತೆ ಮಾತಾಡುತ್ತಾನೆ, ಕಪ್ಪು ಕನ್ನಡಕ ಹಾಕಿಕೊಂಡು. ಅಂಗುಳದ ಪ್ಲೇಟು ಹಾಕಿಕೊಂಡರೆ ಮಾತು ಅರ್ಥವಾಗುತ್ತದೆ, ಟೀ ಮೂಗಿನಿಂದ ಬರುವುದಿಲ್ಲ. ಪ್ಲೇಟು ಮರೆತು ಬಂದ ದಿನ ಏನೂ ಕುಡಿಯದೆ ಸುಮ್ಮನೆ ಕೂತಿರುತ್ತಾನೆ.

ಹೋದದ್ದು ಎಡಗಣ್ಣು, ಎಡಗಡೆಯ ಮೇಲ್ದವಡೆ, ವಾಸನೆ ಗೊತ್ತಾಗುವುದು, ಮತ್ತು ಮೊಳೆಯಿಲ್ಲದ ಕೆಲಸ. ಶಿವಶಂಕರನಿಗೆ ಅದು ಬರುವುದಿಲ್ಲ, ಹೇಳಿಕೊಡಲು ರಜಾಕನಿಗೆ ಆಗುತ್ತಿಲ್ಲ. ಹುಣಸೂರಿನಲ್ಲಿ ಆ ಕೆಲಸ ಮಾಡುವವರು ಈಗ ಇಲ್ಲ. ಉಳಿದದ್ದು ರಜಾಕ್.